ಅಂಗಿ ಬೇರೆ, ಕುಲ ಒಂದು

ನನ್ನ ಎಂ.ಜಿ.ಎ. ಕಾರಿನ ಬಾಗಿಲಿಗೆ ಹೊರಗಡೆ ಹಿಡಿಯಿಲ್ಲ. ಮನೆಗೆ ಬಂದವರು, ಅದರಲ್ಲಿಯೂ ಮೋಟಾರುಗಳ ವಿಚಾರದಲ್ಲಿ ತಮಗೆ ತಿಳಿಯದುದಿಲ್ಲವೆಂಬ ಭಾವವುಳ್ಳವರು, ಆ ನುಣುಪಾದ ಕೆಂಪು ಮೈಯನ್ನು ಎರಡು ಮೂರು ಬಾರಿ ಸವರಿ, ಹಿಡಿ ಕೈಗೆ ಸಿಗದೆ, ಕಡೆಗೆ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರಂತೆ ನನ್ನ ಮುಖ ನೋಡುವುದು ವಾಡಿಕೆ. ಬಾಗಿಲ ಮೇಲಿನಿಂದ ಒಳಗೆ ಕೈಯಿಳಿಸಿ ಅಲ್ಲಿರುವ ಹುರಿಯನ್ನು ಎಳೆಯಬೇಕು. ಆಗ ಅದು ತೆರೆದುಕೊಳ್ಳುತ್ತದೆ. ಗಾಜಿನ ಕಿಟಕಿಯೆಂಬುದೇ ಇಲ್ಲದ, ಮಳೆ ಬಂದಾಗ ಪಕ್ಕದ ಪರದೆಗಳನ್ನು ತಿರುಪಿನಿಂದ ಬಿಗಿದುಕೊಳ್ಳಬೇಕಾದ, ಕಾಲ ಕೆಳಗೆ ಪ್ಲೈವುಡ್ಡಿನ ಹಲಗೆಯುಳ್ಳ ಈ ವಾಹನಕ್ಕೆ ಹಿಡಿ ಬೀಗಗಳ ಹಂಗಾದರೂ ಏಕೆಂದು ಅದನ್ನು ಕಟ್ಟಿದವರು ಎಣಿಸಿರಬೇಕು.

ಕಟ್ಟಿದ ಸ್ಥಳ ಥೇಮ್ಸ್ ನದಿಯ ತಡಿಯ ಆಬಿಂಗ್ಡನ್ ಎಂಬ ಊರು. 1955ರಿಂದ 1962ರವರೆಗೆ ಅಲ್ಲಿಂದ ಹೊರಬಿದ್ದ ಎಂ.ಜಿ.ಎ.ಗಳ ಸಂಖ್ಯೆ ಒಂದು ಲಕ್ಷದ ಮೇಲೆ ಒಂದು ಸಾವಿರದಷ್ಟು. ಅವುಗಳಲ್ಲಿ ಸ್ವದೇಶದಲ್ಲಿ ಮಾರಾಟವಾದುವು ಆರು ಸಾವಿರಕ್ಕೂ ಕಡಿಮೆ, ಉಳಿದುವೆಲ್ಲ, ಹೆಚ್ಚಾಗಿ ಅಮೆರಿಕಕ್ಕೆ, ಹಡಗೇರಿದುವು. ಆಮದಿನ ಮೇಲೆ ಕಟ್ಟುನಿಟ್ಟಾದ ನಿರ್ಬಂಧವಿದ್ದ ಅಂದಿನ ನಮ್ಮ ದೇಶಕ್ಕೆ ಬಂದುವು ತೀರ ವಿರಳ. ಕಾಫಿ ತೋಟದ ಮನೆತನವೊಂದರ ಕೊಟ್ಟಿಗೆಯಲ್ಲಿ ಗೋಣಿತಾಟಿನಡಿ ಮಲಗಿದ್ದ 1957ರ ಗಾಡಿಯೊಂದು ನನ್ನ ಪಾಲಿಗೆ ಬಂದುದು ಪೂರ್ವಜನ್ಮದ ಸುಕೃತವೋ ಋಣವೋ, ನನ್ನ ಮನೆಯಾಕೆಯ ಅಭಿಪ್ರಾಯವನ್ನು ಇಲ್ಲಿ ಬರೆಯುವುದು ಉಚಿತವಲ್ಲ.

ಆದರೆ ಈ ವಿರಳ ವಸ್ತುವಿನ ಹೃದಯ ಮಾತ್ರ ಸ್ವಲ್ಪವೂ ವಿರಳವಲ್ಲ. ಅದರ ಎಂಜಿನನ್ನು ಬಿಚ್ಚಿಸಲೆಂದು ಶಿವಾಜಿನಗರದ ವೃದ್ಧ ಮೆಕ್ಯಾನಿಕ್ಕರೊಬ್ಬರ ಬಳಿಗೆ ಒಯ್ದಾಗ, ನಾನು ಆಬಿಂಗ್ಡನ್ನಿನ ಮಹಿಮೆಯನ್ನು ಸವಿಸ್ತಾರವಾಗಿ ವರ್ಣಿಸಿ ಮುಗಿಸುವವರೆಗೂ ಸೌಜನ್ಯದಿಂದ ಕಾದಿದ್ದು, ಆಮೇಲೆ ಬಾನೆಟ್ಟನ್ನೆತ್ತಿ ಒಂದು ಕ್ಷಣ ನೋಡಿ, “ಇದು ನಮ್ಮ ಅಂಬಾಸಿಡರ್ ಇಂಜಿನ್ನೇ ಅಲ್ವಾ ಸಾರ್, ಅಂಗಿ ಮಾತ್ರ ಬೇರೆ” ಎಂದರು. ಅವರೆಂದುದು ಅಕ್ಷರಶಃ ಸತ್ಯ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ‘ಬಿ’ ಶ್ರೇಣಿಯ 1489 ಸಿ.ಸಿ. ಎಂಜಿನು ಎಂ.ಜಿ.ಎ.ಗೂ ಉಂಟು, ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರಿಗೂ ಉಂಟು. ಮಂತ್ರಿಗಳನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತು ತಿರುಗಿದ ಆ ಯಂತ್ರದ ಒಡಹುಟ್ಟಿದುದೇ ಈ ಕೆಂಪು ವಿಲಾಸಿಯ ಎದೆಯೊಳಗೂ ಮಿಡಿಯುವುದು.

ಈ ಸಂಬಂಧವನ್ನು ಒಪ್ಪಿಕೊಳ್ಳಲು ನಾಚುವ ರಸಿಕರುಂಟು. ಒಂದು ಗ್ಯಾಸ್ಕೆಟ್ಟು ಬೇಕಾದರೂ ಇಂಗ್ಲೆಂಡಿಗೆ ಬರೆದು, ತಿಂಗಳುಗಟ್ಟಲೆ ಕಾದು, ಸುಂಕ ತೆತ್ತು ತರಿಸಿ, ಅದರ ಪೆಟ್ಟಿಗೆಯನ್ನು ಪೂಜಾಸಾಮಗ್ರಿಯಂತೆ ಕಾಪಿಡುವವರನ್ನು ನಾನು ಬಲ್ಲೆ. ನನಗಾದರೋ ಜೆ.ಸಿ. ರಸ್ತೆಯ ಹಳೆಯ ಅಂಗಡಿಯ ಅಟ್ಟದಿಂದ ಧೂಳು ಝಾಡಿಸಿ ಕೊಡುವ ಟೈಮಿಂಗ್ ಚೈನಿನ ಮೇಲೆಯೇ ಪ್ರೀತಿ ಹೆಚ್ಚು. ಹಾಗೆಂದು ದಾಯಾದಿಗಳನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಲಾಗದು. ಅಂಬಾಸಿಡರಿನ ಪಿಸ್ಟನ್ನು ಈ ಸಿಲಿಂಡರಿನೊಳಗೆ ಸಲೀಸಾಗಿ ಇಳಿದೀತು. ಆದರೆ ಇಲ್ಲಿ ಬೇಕಾದ 8.3ಕ್ಕೆ 1ರ ಒತ್ತಡ ಅದರಿಂದ ಒದಗದು, 72 ಅಶ್ವಶಕ್ತಿಯ ಗಾಡಿ ಏದುಸಿರು ಬಿಡತೊಡಗುವುದು.

ಅಲ್ಲದೆ ಅಂಬಾಸಿಡರಿಗೆ ಕಾರ್ಬ್ಯುರೇಟರ್ ಒಂದು, ಇದಕ್ಕೆ ಎರಡು. ಎಸ್.ಯು. ಎಂಬ ಈ ಉಪಕರಣವನ್ನು ರೂಪಿಸಿದ ಸ್ಕಿನ್ನರ್ ಸಹೋದರರು ಪಾದರಕ್ಷೆಯ ವ್ಯಾಪಾರದ ಮನೆತನದವರು. ಮೊದಮೊದಲು ಅದರೊಳಗಿದ್ದುದು ಚರ್ಮದ ತಿದಿಯೇ ಎಂಬುದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ. ಎರಡೂ ಸಮನಾಗಿ ಉಸಿರೆಳೆಯುತ್ತಿವೆಯೇ ಎಂದು ಪರೀಕ್ಷಿಸುವುದಕ್ಕೆ ಮೊಳದುದ್ದದ ರಬ್ಬರ್ ಕೊಳವೆಯೊಂದು ಸಾಕು: ಒಂದು ತುದಿ ಕಿವಿಗೆ, ಇನ್ನೊಂದು ತುದಿ ಸರದಿಯಾಗಿ ಎರಡು ಬಾಯಿಗಳಿಗೆ. ಬುಸ್ಸೆಂಬ ಆ ಎರಡು ಸದ್ದುಗಳು ಒಂದರಲ್ಲೊಂದು ಲೀನವಾಗುವವರೆಗೂ ತಿರುಪುಗಳನ್ನು ಹೊರಳಿಸುವುದು ತಂಬೂರಿಯ ನಡುವಣ ಜೋಡಿ ತಂತಿಗಳನ್ನು ಕೂಡಿಸುವ ಕೆಲಸವೇ ಸರಿ. ಅನಂತರ ಸ್ಕ್ರೂಡ್ರೈವರಿನ ತುದಿಯಿಂದ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಬೇಕು. ಎಂಜಿನಿನ ವೇಗ ಏರಿ ಅಲ್ಲಿಯೇ ನಿಂತರೆ ಪೆಟ್ರೋಲು ಹೆಚ್ಚಾಯಿತು, ಎಂಜಿನು ಸೊರಗಿ ಆರಿಹೋದರೆ ಕಡಿಮೆಯಾಯಿತು. ತುಸುವೇ ಏರಿ ಮತ್ತೆ ತಗ್ಗಿದರೆ ಹದ. ಈ ಕೆಲಸಕ್ಕೆ ಭಾನುವಾರದ ಬೆಳಗು ಪೂರ್ತಿ ಹಿಡಿದರೂ ನನಗೆ ಬೇಸರವಿಲ್ಲ.

ಬೇಸರವಾಗುವುದು ವಿದ್ಯುತ್ತಿನ ವಿಷಯದಲ್ಲಿ, ಅದೂ ನನ್ನ ಅವಿವೇಕದಿಂದಲೇ. ಆಸನಗಳ ಹಿಂದೆ, ಹಲಗೆಯಡಿ, 6 ವೋಲ್ಟಿನ ಎರಡು ಬ್ಯಾಟರಿಗಳು ಅವಿತಿರುವುವು. ಇಂದಿನ ಕಾರುಗಳಿಗೆ ವಿರುದ್ಧವಾಗಿ ಇಲ್ಲಿ ಚಾಸಿಗೆ ಸೇರುವುದು ಧನಧ್ರುವ. ಒಮ್ಮೆ ಸಂಜೆಗತ್ತಲಲ್ಲಿ, ಕೈಯ ಅಭ್ಯಾಸದಂತೆ, ತಂತಿಗಳನ್ನು ಅದಲುಬದಲಾಗಿ ಬಿಗಿದೆನು. ಎಂಜಿನು ಹೊರಟಿತು, ಡೈನಮೋ ವೇಗ ಹಿಡಿದ ಮರುಗಳಿಗೆಯಲ್ಲಿ ರೆಗ್ಯುಲೇಟರಿನ ಪೆಟ್ಟಿಗೆಯಿಂದ ನೀಲಿ ಹೊಗೆಯೂ ಹೊರಟಿತು. ಪಾಯಿಂಟುಗಳು ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದುವು. ಇನ್ನು ಈಚಿನ ಚಿಂತೆ ಪೆಟ್ರೋಲಿನದು: ಸೀಸ ಹೋದಾಗ ವಾಲ್ವುಗಳ ಕೆಳಗೆ ಗಟ್ಟಿಲೋಹದ ಸೀಟುಗಳನ್ನು ಕೂರಿಸಿದ್ದಾಯಿತು, ಈಗ ಶೇಕಡ 20ರಷ್ಟು ಎಥನಾಲ್ ಬೆರೆತು ಬರುವುದರಿಂದ ಹಳೆಯ ರಬ್ಬರ್ ನಳಿಕೆಗಳನ್ನೆಲ್ಲ ಬದಲಾಯಿಸಿದ್ದಾಯಿತು.

ಕಳೆದ ವಾರ ಮೈಸೂರು ರಸ್ತೆಯ ಸಿಗ್ನಲ್ಲೊಂದರಲ್ಲಿ ನಿಂತಿದ್ದಾಗ ಪಕ್ಕಕ್ಕೆ ಬಿಳಿಯ ಅಂಬಾಸಿಡರೊಂದು ಬಂದು ನಿಂತಿತು. ಅದರ ಚಾಲಕರು, ನರೆತ ಮೀಸೆಯವರು, ಎಲ್ಲರಂತೆ ಕಾರಿನ ಬೆಲೆಯನ್ನು ಕೇಳಲಿಲ್ಲ, ಬಣ್ಣವನ್ನು ಹೊಗಳಲಿಲ್ಲ; ತಲೆ ಓರೆ ಮಾಡಿ ಸ್ವಲ್ಪ ಹೊತ್ತು ಆಲಿಸಿ, “ಟ್ಯಾಪೆಟ್ ಸೌಂಡ್ ಬರ್ತಿದೆ ಸಾರ್, ಹದಿನೈದಕ್ಕೆ ಇಟ್ಬಿಡಿ” ಎಂದು ಹೇಳಿ, ಹಸಿರು ದೀಪ ಬಿದ್ದೊಡನೆ ಹೊರಟುಹೋದರು. ನನ್ನ ಗಾಡಿಯ ಕೈಪಿಡಿಯಲ್ಲಿರುವುದು ಅಂಗುಲದ ಸಾವಿರದಲ್ಲಿ 17 ಪಾಲು. ಮನೆಗೆ ಬಂದು, ಎಂಜಿನು ಬಿಸಿಯಾಗಿರುವಾಗಲೇ ಮುಚ್ಚಳ ತೆಗೆದು, ಎಂಟು ವಾಲ್ವುಗಳಿಗೂ ಫೀಲರ್ ಗೇಜ್ ಹಾಕಿ ನೋಡಿದೆನು. ಏಳು ಸರಿಯಾಗಿಯೇ ಇದ್ದುವು. ಮೂರನೆಯದು ಮಾತ್ರ ಹತ್ತೊಂಬತ್ತಕ್ಕೆ ಸಡಿಲಿತ್ತು.