ಇಂಗ್ಲಿಷಿನ ಭೂತಕಾಲವೂ ಕನ್ನಡಿಗರ ಪ್ರಯೋಗವೂ

ಇಂಗ್ಲಿಷಿನಲ್ಲಿ ಕಳೆದ ಸಂಗತಿಯನ್ನು ಹೇಳುವಾಗ ನಮ್ಮ ವಿದ್ಯಾರ್ಥಿಗಳು ಎರಡು ತಪ್ಪುಗಳನ್ನು ಪದೇ ಪದೇ ಮಾಡುವುದುಂಟು. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂಬುದೊಂದು. ‘ಐ ಹ್ಯಾಡ್ ಗಾನ್ ಟು ಮೈಸೂರ್ ಲಾಸ್ಟ್ ವೀಕ್’ ಎಂಬುದಿನ್ನೊಂದು. ಇವನ್ನು ಅಜಾಗರೂಕತೆಯ ಫಲವೆಂದೆಣಿಸಿ ಕೆಂಪು ಶಾಯಿಯಿಂದ ಗೀಟೆಳೆದು ಮುಂದೆ ಸಾಗುವುದೇ ರೂಢಿಯಾಗಿದೆ. ವಿಚಾರಿಸಿ ನೋಡಿದರೆ, ವಿದ್ಯಾರ್ಥಿಯು ತನ್ನ ನುಡಿಯ ವ್ಯವಸ್ಥೆಯನ್ನು ನಿಷ್ಠೆಯಿಂದ ಅನುಸರಿಸಿದ್ದರಿಂದಲೇ ಇವು ಹುಟ್ಟಿದುವೆಂದು ತೋರದಿರದು.

ಕೇಶಿರಾಜನು 13ನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಭೂತಕಾಲಕ್ಕೆ ‘ದ’ ಎಂಬ ಪ್ರತ್ಯಯವನ್ನು ವಿಧಿಸಿದ್ದಾನೆ. ಇಂದಿನ ಬಳಕೆಯಲ್ಲಾದರೋ ‘ಹೋದೆನು’ ಎಂಬುದರೊಡನೆ, ‘ಇರು’ ಧಾತುವಿನ ನೆರವಿನಿಂದಾದ ‘ಹೋಗಿದ್ದೇನೆ’, ‘ಹೋಗಿದ್ದೆನು’ ಎಂಬ ರೂಪಗಳೂ ಸಮೃದ್ಧವಾಗಿವೆ. ಇವುಗಳಿಗೆ ಕ್ರಮವಾಗಿ ಇಂಗ್ಲಿಷಿನ ‘ಹ್ಯಾವ್’, ‘ಹ್ಯಾಡ್’ ರೂಪಗಳನ್ನು ಸರಿಗಟ್ಟಿ ಪಾಠ ಹೇಳುವುದೇ ತೊಡಕಿನ ಮೂಲ. ‘ಅವನು ನಿನ್ನೆಯೇ ಬಂದಿದ್ದಾನೆ’ ಎಂಬುದು ನಿರ್ದುಷ್ಟವಾದ ಕನ್ನಡ. ಇಂಗ್ಲಿಷಿನ ‘ಹ್ಯಾವ್’ ರೂಪವಾದರೋ ಆಡುವ ಗಳಿಗೆಗೇ ಅಂಟಿಕೊಂಡಿರುವುದರಿಂದ ‘ನಿನ್ನೆ’ ಎಂಬ ಮುಗಿದ ದಿನವನ್ನು ಸಹಿಸುವುದಿಲ್ಲ. ‘ಹೋದ ವಾರ ಮೈಸೂರಿಗೆ ಹೋಗಿದ್ದೆನು’ ಎಂದರೆ ಹೋಗಿ ಬಂದದ್ದಾಯಿತು ಎಂದು ನಾವು ತಿಳಿಯುತ್ತೇವೆ. ಬೇರೊಂದು ಸಂಗತಿಯ ಅಪೇಕ್ಷೆ ಅಲ್ಲಿಲ್ಲ. ಅದನ್ನೇ ‘ಹ್ಯಾಡ್’ ಹಚ್ಚಿ ಹೇಳಿದರೆ ಇಂಗ್ಲಿಷರು ‘ಯಾವುದಕ್ಕೆ ಮೊದಲು?’ ಎಂದು ಕಾಯುತ್ತಾರೆ.

ಈ ಭೇದವನ್ನು ಹಾನ್ಸ್ ರೈಖೆನ್‌ಬಾಖ್ ಎಂಬ ತತ್ತ್ವಶಾಸ್ತ್ರಜ್ಞನು 1947ರಲ್ಲಿ ಸ್ಪಷ್ಟಪಡಿಸಿದನು. ಕ್ರಿಯೆ ನಡೆದ ಕಾಲ, ಮಾತನಾಡುವ ಕಾಲ ಇವೆರಡೇ ಸಾಲವು. ಎಲ್ಲಿ ನಿಂತು ಆ ಕ್ರಿಯೆಯನ್ನು ನೋಡುತ್ತೇವೆಯೋ ಆ ಮೂರನೆಯ ಕಾಲವೂ ಬೇಕೆಂಬುದು ಅವನ ಮತ. ‘ಹ್ಯಾವ್’ ರೂಪದಲ್ಲಿ ನೋಡುವ ನೆಲೆ ಈಗಿನದು. ‘ಸಾ’, ‘ವೆಂಟ್’ ಮುಂತಾದ ಸಾಮಾನ್ಯರೂಪಗಳಲ್ಲಿ ಕ್ರಿಯೆ ನಡೆದಾಗಿನದೇ. ‘ಹ್ಯಾಡ್’ ರೂಪದಲ್ಲಿ ಕ್ರಿಯೆಗೆ ಈಚಿನ, ಮಾತಿಗೆ ಆಚಿನ ಒಂದು ಕಾಲ. ಆದುದರಿಂದ ‘ದೂರದ ಭೂತಕ್ಕೆ ಹ್ಯಾಡ್’ ಎಂಬ ಸೂತ್ರವು ನಿರಾಧಾರವಾದುದು. ಸಾವಿರ ವರ್ಷದ ಹಿಂದಿನ ಯುದ್ಧಕ್ಕೂ ಸಾಮಾನ್ಯರೂಪವೇ ಸಲ್ಲುತ್ತದೆ.

‘ಎರಡು ಕ್ರಿಯೆಗಳಲ್ಲಿ ಮೊದಲಿನದಕ್ಕೆ ಹ್ಯಾಡ್’ ಎಂಬ ಸೂತ್ರವೂ ಪೂರ್ಣವಲ್ಲ. ‘ಆಫ್ಟರ್’ ಎಂಬ ಪದವೇ ಅನುಕ್ರಮವನ್ನು ತಿಳಿಸಿದಲ್ಲಿ ಸಾಮಾನ್ಯರೂಪವು ಧಾರಾಳವಾಗಿ ಸಲ್ಲುತ್ತದೆ. ಆದರೆ ನಾವು ನಿಲ್ದಾಣವನ್ನು ಸೇರಿದಾಗ ‘ದಿ ಟ್ರೇನ್ ಲೆಫ್ಟ್’ ಎಂದರೆ ರೈಲು ನಮ್ಮ ಕಣ್ಣೆದುರಿಗೇ ಹೊರಟಿತು. ‘ಹ್ಯಾಡ್ ಲೆಫ್ಟ್’ ಎಂದರೆ ಆಗಲೇ ಹೊರಟುಹೋಗಿತ್ತು. ಇಲ್ಲಿ ರೂಪ ಬದಲಾದರೆ ಸಂಗತಿಯೇ ಬದಲಾಗುತ್ತದೆ. ಕಾದಂಬರಿಯೊಂದರಲ್ಲಿ ಇಂತಹ ಒಂದು ‘ಹ್ಯಾಡ್’ ಕಣ್ತಪ್ಪಿದರೆ ಹಿಂದಿನ ಕಥೆಯನ್ನು ಇಂದಿನದೆಂದು ಓದಿಬಿಡುವ ಅಪಾಯವುಂಟು.

‘ಹೊರಟಿತು’, ‘ಹೊರಟುಹೋಗಿತ್ತು’ ಎಂಬ ಈ ವಿವೇಕವು ಕನ್ನಡದ ಹುಡುಗನಿಗೆ ಮನೆಯಲ್ಲಿಯೇ ಲಭಿಸಿದೆ ಎಂಬುದನ್ನು ನಮ್ಮ ಪಾಠಕ್ರಮವು ಮರೆತಿದೆ. ಕನ್ನಡದ ‘ಇದ್ದ’ ರೂಪವು ಎರಡು ಕೆಲಸಗಳನ್ನು ಮಾಡುತ್ತದೆ, ‘ಹ್ಯಾಡ್’ ಅವುಗಳಲ್ಲೊಂದನ್ನು ಮಾತ್ರ ಮಾಡುತ್ತದೆ ಎಂದು ತಿಳಿಸಿ, ‘ಯಾವುದಕ್ಕೆ ಮೊದಲು?’ ಎಂಬ ಪ್ರಶ್ನೆಯನ್ನು ಅವನಿಂದಲೇ ಕೇಳಿಸಬೇಕು. ಉತ್ತರ ದೊರೆತರೆ ‘ಹ್ಯಾಡ್’ ಸಲ್ಲುತ್ತದೆ. ದೊರೆಯದಿದ್ದರೆ ಸಾಮಾನ್ಯರೂಪವೇ ಸಾಕು. ಬಿಟ್ಟ ಸ್ಥಳ ತುಂಬಿಸುವ ಬಿಡಿವಾಕ್ಯಗಳಲ್ಲಿ ಈ ಪ್ರಶ್ನೆಗೆ ಎಡೆಯೇ ಇಲ್ಲವಾದುದರಿಂದ, ಪೂರ್ವಾಪರವುಳ್ಳ ಕಥನಖಂಡಗಳನ್ನೇ ಅಭ್ಯಾಸಕ್ಕೆ ಕೊಡುವುದು ಲೇಸು. ತಪ್ಪಿನ ಕಾರಣವನ್ನರಿಯದೆ ಅಂಕವನ್ನು ಕಳೆಯುವುದು ನ್ಯಾಯವಲ್ಲವೆಂದು ಅಧ್ಯಾಪಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ.