ಮಳೆಯ ಲೆಕ್ಕ, ಮೋರಿಯ ಲೆಕ್ಕ

ಬಳ್ಳಾರಿಗೆ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 500 ಮಿ.ಮೀ. ಮಳೆ. ಬಿಸಿಲಿಗೆ ಹೆಸರಾದ ಊರಿಗೆ ಮಳೆನೀರಿನ ಚಿಂತೆ ಯಾಕೆ ಎನ್ನುವವರು ಜೋರು ಮಳೆಯ ಒಂದು ಸಂಜೆ ಕೌಲ್ ಬಜಾರಿನಲ್ಲಿ ನಿಂತು ನೋಡಬೇಕು. ಇಲ್ಲಿ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ. ಊರ ನಡುವಿನ ಬೋಳು ಬಂಡೆಗುಡ್ಡ ನೀರು ಹಿಡಿಯುವುದಿಲ್ಲ; ನೆಂದ ಎರೆಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿಯುವ ದಾರಿ ಚರಂಡಿ ಒಂದೇ.

ಈ ಬಗೆಯ ನೀರಿಗೆ ಮುಂಚೆಯೇ ಲೆಕ್ಕ ಹಾಕಲು ನಮ್ಮ ರಾಜ್ಯದಲ್ಲಿ ನಡೆದ ದೊಡ್ಡ ಪ್ರಯತ್ನ ‘ಬೆಂಗಳೂರು ಮೇಘ ಸಂದೇಶ’. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರದೀಪ್ ಮುಜುಂದಾರ್ ಅವರ ತಂಡವೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಕೂಡಿ ಬೆಳೆಸಿದ ಈ ವ್ಯವಸ್ಥೆ 2020ರಲ್ಲಿ ಜನರ ಮೊಬೈಲಿಗೆ ಬಂತು. ಬಡಾವಣೆ ಬಡಾವಣೆಯಲ್ಲಿ ಮಳೆಮಾಪಕ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಾಧನ. ಮಳೆಯನ್ನು ಹತ್ತಿರದಿಂದ ಅಳೆಯುವುದರಲ್ಲಿ ಇದು ನಿಜಕ್ಕೂ ಮೆಚ್ಚಬೇಕಾದ ಕೆಲಸ.

ಆದರೂ 2022ರ ಸೆಪ್ಟೆಂಬರ್ ಮೊದಲ ವಾರ, 24 ಗಂಟೆಯಲ್ಲಿ 130 ಮಿ.ಮೀ. ಮೀರಿದ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ ಕೆರೆಯಾಯಿತು, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ಕಾರಣವನ್ನು ಮಹಾಲೇಖಪಾಲರ ವರದಿ ಅದರ ಹಿಂದಿನ ವರ್ಷವೇ ಬರೆದಿಟ್ಟಿತ್ತು: ಕೋರಮಂಗಲ ಕಣಿವೆಯಲ್ಲಿ ಕಳೆದ ಶತಮಾನದ ಆರಂಭಕ್ಕೆ 113.24 ಕಿ.ಮೀ. ಇದ್ದ ಕಾಲುವೆಗಳು 2016-17ರ ಹೊತ್ತಿಗೆ 62.84 ಕಿ.ಮೀ.ಗೆ ಇಳಿದಿದ್ದವು. ಇಲ್ಲದ ಕಾಲುವೆಯಲ್ಲಿ ಯಾವ ಆ್ಯಪ್ ನೀರು ಹರಿಸೀತು?

ನನ್ನ ತಕರಾರು ಇಷ್ಟೇ. ಮಳೆ ಎಲ್ಲಿ ಬೀಳುತ್ತದೆ ಎಂದು ಹೇಳುವುದು ಎಚ್ಚರಿಕೆ. ಯಾವ ಮೋರಿಯ ಹೂಳನ್ನು ಮೊದಲು ತೆಗೆಯಬೇಕು, ಒಂದೇ ಪಂಪ್ ಇದ್ದರೆ ಯಾವ ಅಂಡರ್‌ಪಾಸಿಗೆ ಕಳಿಸಬೇಕು ಎಂದು ಹೇಳಿದರೆ ಅದು ತೀರ್ಮಾನಕ್ಕೆ ನೆರವು. ಇಂಥ ಲೆಕ್ಕ ಹಾಕುವ ಗಣಿತದ ಮಾದರಿ ತನಗೆ ಕೊಟ್ಟ ಅಳತೆಯ ಮೋರಿಯನ್ನೇ ನಂಬುತ್ತದೆ. ಮೂರಡಿಯ ಮೋರಿಯಲ್ಲಿ ಎರಡಡಿ ಹೂಳು, ಪ್ಲಾಸ್ಟಿಕ್, ಜೀನ್ಸ್ ಬಟ್ಟೆಯ ಚಿಂದಿ ಕೂತಿದ್ದರೆ ಅದನ್ನು ಯಾರಾದರೂ ಮಾದರಿಗೆ ತಿಳಿಸಬೇಕು. ಅದನ್ನು ದಿನಾ ನೋಡುವವರು ಪೌರಕಾರ್ಮಿಕರು ಮತ್ತು ವಾರ್ಡಿನ ಮೇಸ್ತ್ರಿ. ಕೌಲ್ ಬಜಾರಿಗೆ ಇಂಥ ಸಾಧನ ಮಾಡುವುದಾದರೆ ಮೊದಲು ಇವರನ್ನು ಕೂರಿಸಿಕೊಂಡು ಮೋರಿಗಳ ಪಟ್ಟಿ ಬರೆಯಬೇಕು, ಕಂಪ್ಯೂಟರ್ ಆಮೇಲೆ.

ತಾರೀಖೂ ಇಲ್ಲಿಯದೇ ಆಗಬೇಕು. ಮುಂಗಾರಿಗೆ ಮೊದಲು ಹೂಳೆತ್ತಿ ಕೈತೊಳೆದುಕೊಂಡರೆ ಸಾಲದು. ಬಳ್ಳಾರಿಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಅಷ್ಟರಲ್ಲಿ ಮೋರಿ ಮತ್ತೆ ತುಂಬಿರುತ್ತದೆ. ಆಗಸ್ಟ್ ಮುಗಿಯುವ ಮುಂಚೆ ಇನ್ನೊಮ್ಮೆ ಚಪ್ಪಡಿ ಎತ್ತಿ ಅಳೆದು, ಆ ಅಂಕಿಯನ್ನು ಲೆಕ್ಕಕ್ಕೆ ಸೇರಿಸಬೇಕು.