ಕಲ್ಲಿನ ಮುಂದೆ ಅನುಪ್ರೇಕ್ಷೆ

ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ತೂಕದ ಲೆಕ್ಕ ತಪ್ಪಿದ ಹುಡುಗನನ್ನು ಯಜಮಾನರು ‘ನಿನ್ ಧ್ಯಾನ ಎಲ್ಲೈತೆ?’ ಎಂದು ಗದರುತ್ತಾರೆ. ‘ಅವಳಿಗೆ ಮಗಳದೇ ಧ್ಯಾನ’, ‘ಅವನಿಗೆ ಸದಾ ತೋಟದ್ದೇ ಧ್ಯಾನ’ ಎನ್ನುವುದು ಮನೆಮನೆಯ ಮಾತು. ಜನರ ಬಾಯಲ್ಲಿ ಧ್ಯಾನಕ್ಕೆ ಯಾವಾಗಲೂ ಒಂದು ವಸ್ತು ಇರುತ್ತದೆ. ಕಣ್ಣು ಮುಚ್ಚಿ ಮನಸ್ಸನ್ನು ಬರಿದು ಮಾಡಿಕೊಳ್ಳುವುದೇ ಧ್ಯಾನ ಎನ್ನುವ ಈಚಿನ ಶಿಬಿರಗಳ ಅರ್ಥಕ್ಕಿಂತ ಇದು ನನಗೆ ಹೆಚ್ಚು ಹಿಡಿಸುತ್ತದೆ. ಹೊಯ್ಸಳರ ಶಿಲ್ಪ ನೋಡಹೋಗುವವರಿಗೆ ಬೇಕಾದದ್ದೂ ಇದೇ.

ಜೈನರು ಇದಕ್ಕೆ ಇನ್ನೂ ಖಚಿತವಾದ ಮಾತೊಂದನ್ನು ಬಳಸುತ್ತಾರೆ: ಅನುಪ್ರೇಕ್ಷೆ. ಒಂದನ್ನೇ ಹಿಡಿದು ಮತ್ತೆ ಮತ್ತೆ ನೋಡುವುದು, ನೆನೆಯುವುದು. ಅನಿತ್ಯ, ಅಶರಣ, ಸಂಸಾರ, ಏಕತ್ವ ಮೊದಲಾಗಿ ಅಂಥವು 12. ಈ ಹನ್ನೆರಡನ್ನೇ ವಸ್ತುವಾಗಿಸಿಕೊಂಡು ಬಂಧುವರ್ಮ ‘ಜೀವಸಂಬೋಧನೆ’ ಎಂಬ ಕನ್ನಡ ಕೃತಿ ರಚಿಸಿದ. ಯಾವುದೂ ಉಳಿಯುವುದಿಲ್ಲವೆಂದು ಯಾರಿಗೆ ಗೊತ್ತಿಲ್ಲ? ಗೊತ್ತಿರುವುದು ಮನಸ್ಸಿಗೆ ಇಳಿಯುವವರೆಗೆ ಅದರ ಜೊತೆ ಕೂರುವುದೇ ಅನಿತ್ಯಾನುಪ್ರೇಕ್ಷೆ.

ಅರಸೀಕೆರೆಯಲ್ಲೇ ಸಹಸ್ರಕೂಟ ಜಿನಾಲಯವಿದೆ. ಇಮ್ಮಡಿ ವೀರಬಲ್ಲಾಳನ ಮಂತ್ರಿ ರೇಚರಸ 1220ರಲ್ಲಿ ಕಟ್ಟಿಸಿದ್ದು. ಒಂದೇ ಜಿನಬಿಂಬವನ್ನು ಸಾವಿರ ಸಲ ಕಡೆದು ಜೋಡಿಸಿದ ಕಲ್ಪನೆ ಅದು. ಅವಸರದ ಕಣ್ಣಿಗೆ ಬರೀ ಪುನರಾವರ್ತನೆ. ನನಗಂತೂ ಕಲ್ಲಿನಲ್ಲಿ ಮಾಡಿದ ಅನುಪ್ರೇಕ್ಷೆ.

ಆದರೆ ಈ ಸೀಮೆಯಲ್ಲಿ ನಾನು ಹೆಚ್ಚು ಹೊತ್ತು ಕೂರುವ ಜಾಗ ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ಅರಸನನ್ನು ತಲುಪಿದಾಗ ಅವನಿಗೆ ಯುದ್ಧದಲ್ಲಿ ಜಯವೂ ಆಗಿತ್ತು, ಗಂಡುಮಗುವೂ ಹುಟ್ಟಿತ್ತು. ಅರಸ ದೇವರಿಗೆ ವಿಜಯ ಪಾರ್ಶ್ವನಾಥ ಎಂದೂ ಮಗುವಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಒಬ್ಬರ ಮನೆಯ ಸಾವು, ಇನ್ನೊಬ್ಬರ ಮನೆಯ ಹುಟ್ಟು, ಎರಡೂ ಒಂದೇ ಬಸದಿಯ ಕಥೆಯಲ್ಲಿ ಸೇರಿಕೊಂಡಿವೆ.

ಇಲ್ಲಿನ ನವರಂಗದ ಕಂಬಗಳ ಮುಂದೆ ಗೈಡುಗಳು ನಿಲ್ಲಿಸಿ ಪ್ರತಿಬಿಂಬ ತೋರಿಸುತ್ತಾರೆ. ಜನ ಮುಖ ನೋಡಿಕೊಂಡು ನಕ್ಕು ಮುಂದೆ ಹೋಗುತ್ತಾರೆ. ಅವರು ಹೋದ ಮೇಲೆ ಒಂದೇ ಕಂಬದ ಹತ್ತಿರ ಕೂತು ನೋಡಿ. ಬಳಪದ ಕಲ್ಲನ್ನು ಚರಕಿಗೆ ಹಾಕಿ ತಿರುಗಿಸಿ ಕಡೆದದ್ದು. ಸುತ್ತು ಬಂದ ಒಂದೊಂದು ಏಣೂ ಇಂದಿಗೂ ಚೂಪಾಗಿದೆ. ಉಬ್ಬಿದ ಕಡೆ ಬಾಗಿಲ ಬೆಳಕು ಸಣ್ಣ ಗೆರೆಯಾಗುತ್ತದೆ, ತಗ್ಗಿದ ಕಡೆ ಅಗಲವಾಗಿ ಹರಡುತ್ತದೆ. ಹೊರಗೆ ಮೋಡ ಸರಿದರೆ ಕಂಬದ ಬಣ್ಣ ಕಪ್ಪಿನಿಂದ ಹಸಿರುಗಪ್ಪಿಗೆ ತಿರುಗುತ್ತದೆ. ಇದು ಕಣ್ಣಿಗೆ ಹತ್ತಲು ಹೊತ್ತು ಬೇಕು. ಆಮೇಲೆ ಗರ್ಭಗುಡಿಯತ್ತ ತಿರುಗಿದರೆ, ಕಾಯೋತ್ಸರ್ಗದಲ್ಲಿ ನಿಂತ ಪಾರ್ಶ್ವನಾಥ ಬೇರೆಯೇ ಕಾಣುತ್ತಾನೆ. ಕಾಯೋತ್ಸರ್ಗವೆಂದರೆ ದೇಹದ ಹಂಗು ಬಿಟ್ಟು ನಿಲ್ಲುವುದು. ಇಳಿಬಿಟ್ಟ ಆ ತೋಳುಗಳಲ್ಲಿ ಎಲ್ಲೂ ಬಿಗಿಯಿಲ್ಲ ಎಂಬುದು ಆಗ ತಿಳಿಯುತ್ತದೆ.

ಬೇಲೂರಿನ ದೇವಾಲಯದಲ್ಲಿ 42 ಮದನಿಕೆಯರ ಶಿಲ್ಪಗಳಿವೆ. ಎಲ್ಲರನ್ನೂ ಫೋನಿನಲ್ಲಿ ತುಂಬಿಕೊಂಡು ಬಂದವರಿಗೆ ದರ್ಪಣಸುಂದರಿಯ ಕನ್ನಡಿ ಯಾವ ಕೈಯಲ್ಲಿತ್ತೆಂದು ಕೇಳಿದರೆ ಉತ್ತರ ಬರುವುದಿಲ್ಲ. ಅವರ ತಪ್ಪೇನಲ್ಲ, ಒಂದೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮುಗಿಸುವ ಟೂರಿನಲ್ಲಿ ಯಾವುದರ ಧ್ಯಾನವೂ ಹತ್ತಲಾರದು. 2023ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಇಲ್ಲಿ ನಿಧಾನವಾಗಿ ನೋಡುವವರ ಅಗತ್ಯ ಇನ್ನೂ ಹೆಚ್ಚಿದೆ.

ಮುಂದಿನ ಸಲ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ನೋಡಿ ಹೊರಬಂದವರು ನೇರ ಬಸ್ಸು ಹತ್ತಬೇಡಿ. ಬಸ್ತಿಹಳ್ಳಿಗೆ ನಡೆದು ಹೋಗಿ, ಒಂದು ಕಂಬ ಆರಿಸಿಕೊಂಡು ಒಂದು ಗಂಟೆ ಕೂರಿ. ಬೇಲೂರು ಅಲ್ಲಿಂದ 16 ಕಿಲೋಮೀಟರ್ ಅಷ್ಟೇ. ಮಧ್ಯಾಹ್ನದ ಮೇಲೆ ಹೋದರೂ ಆಯಿತು.